ಅಳತೆ ತೆಗೆದುಕೊಳ್ಳುವ ಮುನ್ನ

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹೊಲಿಗೆಯಂಗಡಿ ಉಂಟು. ಎರಡು ಹೊಲಿಗೆಯ ಯಂತ್ರ, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಯ ಮೊಳೆಗೆ ತೂಗುಬಿದ್ದ ಅಳತೆಯ ಟೇಪು, ಡಬ್ಬಿ ತುಂಬ ಬಣ್ಣಬಣ್ಣದ ದಾರದ ಉಂಡೆಗಳು; ಅಂಗಡಿಯ ಆಸ್ತಿ ಇಷ್ಟೆ. ಅಲ್ಲಿ ರವಿಕೆಗಳಿಗೆ ಹುಕ್ಕು ಹಚ್ಚುವ, ಸೀರೆಗಳಿಗೆ ಫಾಲ್ಸು ಹಾಕಿ ಸೆರಗಿಗೆ ಕುಚ್ಚು ಕಟ್ಟುವ ಕೆಲಸಕ್ಕೆಂದು ಎರಡು ವರ್ಷದ ಹಿಂದೆ ಬಂದು ಸೇರಿದ ಹುಡುಗಿಗೆ ಈಗ ಇಪ್ಪತ್ತೊಂದು ವಯಸ್ಸು. ನಾನು ಹುಡುಗಿಯೆಂದು ಬರೆದುದನ್ನು ಅವಳ ಊರಿನ ಶಾಲೆಯ ದಾಖಲೆಪುಸ್ತಕ ಒಪ್ಪುವುದಿಲ್ಲ. ಅಂಗಡಿಗೆ ಬರುವ ಹೆಂಗಸರಾದರೋ ಎಂದೋ ಒಪ್ಪಿದ್ದಾರೆ. ಅವಳ ಕೈಯ ಕುಚ್ಚಿನ ನಾಜೂಕನ್ನು ಮೆಚ್ಚಿ, 'ಏನಮ್ಮಾ, ಶುಕ್ರವಾರದೊಳಗೆ ಆದೀತಾ?' ಎಂದು ಕೇಳಿ, ಸೀರೆಯನ್ನು ಅವಳ ಮಡಿಲಿಗೆ ಹಾಕಿ ಹೋಗುತ್ತಾರೆ. ತನ್ನ ರವಿಕೆಗಳನ್ನು ಅವಳೇ ಹೊಲಿದುಕೊಳ್ಳುತ್ತಾಳೆ. ಒಳಗೆ ಎರಡು ಪದರ ಸ್ಪಂಜನ್ನಿಟ್ಟು, ಅದರ ಅಂಚು ಹೊರಗೆ ಮೂಡದಂತೆ ಸಣ್ಣ ಹೊಲಿಗೆ ಹಾಕುವ ಆ ಕೆಲಸಕ್ಕೆ, ಬೇರೆಯವರ ಬಟ್ಟೆಗೆ ಕೊಡುವುದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಾಳೆಂದು ಅಂಗಡಿಯ ಯಜಮಾನ ನಗುತ್ತ ದೂರುವುದುಂಟು.

ಒಂದು ಸಂಜೆ ಅವಳು ನಮ್ಮ ಮನೆಯ ಜಗಲಿಗೆ ಬಂದು, ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ನನ್ನ ಕೈಗಿತ್ತು, 'ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ ಅಂತ ಸ್ವಲ್ಪ ಓದಿ ಹೇಳ್ತೀರಾ?' ಎಂದಳು. ದೊಡ್ಡ ಪಟ್ಟಣದ ಒಂದು ಖಾಸಗಿ ಚಿಕಿತ್ಸಾಲಯದ ಕಾಗದ ಅದು, ಉದ್ದಕ್ಕೂ ಇಂಗ್ಲಿಷಿನಲ್ಲಿತ್ತು. ಸ್ತನದೊಳಗೆ ಇರಿಸುವ ಇಂಪ್ಲಾಂಟಿನ ಹೆಸರು, ಅದರ ಗಾತ್ರ ಇಷ್ಟು ಸಿ.ಸಿ. ಎಂಬ ಅಂಕಿ, ಅರಿವಳಿಕೆಯ ವೆಚ್ಚ, ಕೊಠಡಿಯ ಬಾಡಿಗೆ, ಒಟ್ಟು ಮೊತ್ತ, ಆ ಮೊತ್ತವನ್ನು ತಿಂಗಳ ಕಂತುಗಳಲ್ಲಿ ತೀರಿಸುವ ಅನುಕೂಲ, ಕಟ್ಟಕಡೆಗೆ ಸಹಿಗಾಗಿ ಒಂದು ಗೆರೆ. ಓದಿ ಹೇಳಿದೆನು. ಮೊತ್ತವು ಅವಳ ಹದಿನಾಲ್ಕು ತಿಂಗಳ ಸಂಬಳಕ್ಕೆ ಸಮನಾಗಿತ್ತು. ಅದನ್ನು ಅವಳು ಆಗಲೇ ಲೆಕ್ಕ ಹಾಕಿಕೊಂಡಿದ್ದಳು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವಳು ಕೇಳಿದ ಪ್ರಶ್ನೆ ಒಂದೇ: 'ಒಂದು ಸಲ ಹಾಕಿಸ್ಕೊಂಡ್ರೆ ಇದು ಸಾಯೋ ತನಕ ಇರತ್ತಾ ಮೇಷ್ಟ್ರೇ?'

ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆನು. ಆ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ.

ಇಂಥ ವಿಷಯವನ್ನು ಕುರಿತು ಪತ್ರಿಕೆಯಲ್ಲಿ ಬರೆಯುವುದು ನನ್ನ ವಯಸ್ಸಿನವನಿಗೆ ತಕ್ಕುದೆ ಎಂದು ಕೆಲವರು ಹುಬ್ಬೇರಿಸಿಯಾರು. ಆದರೆ ನಾಚಿಕೆಯ ಕಾರಣದಿಂದ ತಿಳಿದವರು ಆಡದೆ ಉಳಿದ ಮಾತನ್ನು ತಿಳಿಯದವರು ಆಡಿಬಿಡುತ್ತಾರೆ, ಆಡಿದ ಮಾತಿಗೆ ಬೆಲೆಯನ್ನೂ ಕಟ್ಟಿಬಿಡುತ್ತಾರೆ. ಕಂತುಗಳಲ್ಲಿ ತೀರಿಸತಕ್ಕ ಬೆಲೆಯನ್ನು. ಟ್ರಾನ್ಸ್ ಮಹಿಳೆಯಾದ ಒಬ್ಬ ತರುಣಿ ಸ್ತನದ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದೆ, ಕೂಡದೆ ಎಂಬುದು ನನ್ನ ಚರ್ಚೆಯ ವಿಷಯವಲ್ಲ. ಹದಿನೆಂಟು ತುಂಬಿದ ಮೇಲೆ ಆ ನಿರ್ಣಯ ಅವಳದು. ಅದನ್ನು ಅವಳಿಗಾಗಿ ಮಾಡುವ ಅಧಿಕಾರ ನನಗೂ ಇಲ್ಲ, ಅವಳ ತಂದೆಗೂ ಇಲ್ಲ, ಮಂಗಳಮುಖಿಯರ ಜಮಾತಿನ ಗುರುವಿಗೂ ಇಲ್ಲ. ಆ ನಿರ್ಣಯವನ್ನು ಅವಳು ಎಂಥ ಬೆಳಕಿನಲ್ಲಿ ಮಾಡುತ್ತಾಳೆ, ಆ ಬೆಳಕನ್ನು ಒದಗಿಸುವ ಹೊಣೆ ಯಾರದು ಎಂಬುದೇ ನನ್ನ ಪ್ರಶ್ನೆ.

ಮೊದಲು ನ್ಯಾಯದ ಮಾತು. 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಮತ್ತು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಇವರು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು, ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕು ವ್ಯಕ್ತಿಗೆ ಉಂಟೆಂದೂ, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿ ಒಡ್ಡುವುದು ಅನೈತಿಕವೂ ನ್ಯಾಯಬಾಹಿರವೂ ಆದುದೆಂದೂ ಸಾರಿತು. ನಮ್ಮ ಪ್ರಸ್ತುತ ವಿಷಯಕ್ಕೆ ಈ ಎರಡನೆಯ ಮಾತು ಬಹಳ ಮುಖ್ಯವಾದುದು. ದೇಹವನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯದಷ್ಟೇ ಬೆಲೆಯುಳ್ಳದ್ದು, ಬದಲಿಸಿಕೊಳ್ಳದೆಯೂ ತಾನು ತಾನಾಗಿ ಇರುವ ಸ್ವಾತಂತ್ರ್ಯ. ಸ್ಪಂಜಿನ ರವಿಕೆಯನ್ನು ತೊಟ್ಟವಳು ಇಂಪ್ಲಾಂಟ್ ಇರಿಸಿಕೊಂಡವಳಿಗಿಂತ ಒಂದು ಗುಲಗಂಜಿಯಷ್ಟೂ ಕಡಮೆ ಹೆಣ್ಣಲ್ಲ. ಈ ನಂಬಿಕೆ ಮನಸ್ಸಿನಲ್ಲಿ ಗಟ್ಟಿಯಾಗಿದ್ದರೆ, ಮುಂದಿನ ಆಯ್ಕೆಗಳನ್ನು ಆತುರವಿಲ್ಲದೆ ತೂಗಿ ನೋಡುವುದು ಸಾಧ್ಯವಾದೀತು.

ಆಯ್ಕೆಗಳಲ್ಲಿ ಮೊದಲನೆಯದು ಚಾಕುವಿನದಲ್ಲ, ಕಾಲದ್ದು. ವೈದ್ಯರ ಮೇಲ್ವಿಚಾರಣೆಯಲ್ಲಿ ಈಸ್ಟ್ರೋಜನ್ ಹಾರ್ಮೋನನ್ನೂ, ಟೆಸ್ಟೋಸ್ಟೆರೋನಿನ ಪ್ರಭಾವವನ್ನು ತಗ್ಗಿಸುವ ಔಷಧಿಯನ್ನೂ ತೆಗೆದುಕೊಳ್ಳತೊಡಗಿದವರಲ್ಲಿ ಮೂರರಿಂದ ಆರು ತಿಂಗಳೊಳಗೆ ಸ್ತನದ ಬೆಳವಣಿಗೆ ಮೊದಲಾಗುತ್ತದೆ; ಅದು ಪೂರ್ಣತೆಗೆ ಬರುವುದಕ್ಕೆ ಎರಡು ಮೂರು ವರ್ಷಗಳೇ ಬೇಕಾಗುತ್ತವೆ. ಹನ್ನೆರಡು ಹದಿಮೂರರ ಹುಡುಗಿಯ ದೇಹದಲ್ಲಿ ನಡೆಯುವ ಕೆಲಸವೇ ಇಲ್ಲಿಯೂ ತನ್ನ ನಿಧಾನದಿಂದಲೇ ನಡೆಯತಕ್ಕದ್ದು. ಟ್ರಾನ್ಸ್ ವ್ಯಕ್ತಿಗಳ ಆರೋಗ್ಯಕ್ಕಾಗಿ ಇರುವ ಅಂತರರಾಷ್ಟ್ರೀಯ ವೃತ್ತಿಸಂಸ್ಥೆಯಾದ ಡಬ್ಲ್ಯೂಪಾಥ್, 2011ರಲ್ಲಿ ಹೊರಡಿಸಿದ ತನ್ನ ಏಳನೆಯ ಆವೃತ್ತಿಯ ಮಾರ್ಗಸೂಚಿಯಲ್ಲಿ, ಸ್ತನದ ಶಸ್ತ್ರಚಿಕಿತ್ಸೆಗೆ ಮುನ್ನ ಹನ್ನೆರಡು ತಿಂಗಳ ಹಾರ್ಮೋನ್ ಚಿಕಿತ್ಸೆ ಆಗಿರುವುದು ಲೇಸೆಂದಿತ್ತು. 2022ರ ಎಂಟನೆಯ ಆವೃತ್ತಿಯಲ್ಲಿ, ಹಾರ್ಮೋನು ಬೇಡವೆನ್ನುವವರನ್ನೂ ಅದು ದೇಹಕ್ಕೆ ಒಗ್ಗದವರನ್ನೂ ಬಿಟ್ಟು, ಉಳಿದ ವಯಸ್ಕರಿಗೆ ಕನಿಷ್ಠ ಆರು ತಿಂಗಳು ಎಂದಿತು. ಅವಧಿ ಕಿರಿದಾದರೂ ತತ್ತ್ವ ಬದಲಾಗಲಿಲ್ಲ: ದೇಹ ತಾನಾಗಿ ಎಷ್ಟು ಕೊಡುತ್ತದೆಂಬುದನ್ನು ನೋಡಿದ ಮೇಲೆ ಉಳಿದದ್ದಕ್ಕೆ ವೈದ್ಯನನ್ನು ಕೇಳತಕ್ಕದ್ದು. ಬೆಳೆಯುವ ಮಗುವಿಗೆ ಲಂಗ ಹೊಲಿಯುವ ದರ್ಜಿ ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟು ಮಡಿಸುತ್ತಾನೆ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡುತ್ತಾನೆ; ಶಸ್ತ್ರವೈದ್ಯನಿಗೆ ಆ ಸೌಕರ್ಯವಿಲ್ಲ. ಹಾರ್ಮೋನು ಕೊಟ್ಟಷ್ಟರಿಂದಲೇ ತೃಪ್ತಿ ಹೊಂದಿ ಶಸ್ತ್ರಚಿಕಿತ್ಸೆಯ ಯೋಚನೆಯನ್ನು ಬಿಟ್ಟವರೂ ಇದ್ದಾರೆ. ಕೊಟ್ಟದ್ದು ಸಾಲದೆ ಮುಂದಿನ ಹೆಜ್ಜೆ ಇಟ್ಟವರೂ ಇದ್ದಾರೆ. ಇಬ್ಬರದೂ ಸರಿಯಾದ ದಾರಿಯೇ.

ಆದರೆ ವೈದ್ಯರ ಬಾಗಿಲು ದೂರವಾಗಿರುವ ಕಡೆ ಈ ಮೊದಲನೆಯ ಹೆಜ್ಜೆಯೇ ಎಡವುತ್ತದೆ. ನಮ್ಮ ಹುಡುಗಿ, ಗೆಳತಿಯೊಬ್ಬಳ ಮಾತಿನಂತೆ ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆಗಳನ್ನು ಕೊಂಡು, ಒಂದರ ಬದಲು ಮೂರು ನುಂಗಿದರೆ ಬೇಗ ಫಲ ಸಿಕ್ಕೀತೆಂದು ಎಂಟು ತಿಂಗಳಿಂದ ನುಂಗುತ್ತಿದ್ದಳು. ಆ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಎಥಿನೈಲ್ ಈಸ್ಟ್ರಡಯಾಲ್ ಎಂಬುದು ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಪಾಯವನ್ನು ಹೆಚ್ಚಿಸತಕ್ಕದ್ದು. ಆ ಕಾರಣದಿಂದಲೇ ಲಿಂಗತ್ವದ ಚಿಕಿತ್ಸೆಯಲ್ಲಿ ಬಲ್ಲ ವೈದ್ಯರು ಅದನ್ನು ಬಿಟ್ಟು, ದೇಹದಲ್ಲಿ ಸಹಜವಾಗಿ ಇರುವ ಈಸ್ಟ್ರಡಯಾಲನ್ನೇ ಬರೆದುಕೊಡುತ್ತಾರೆ, ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸುತ್ತಾರೆ, ಹಾರ್ಮೋನಿನಿಂದ ಸಂತಾನಶಕ್ತಿ ಕುಂದಬಹುದೆಂಬುದನ್ನು ಮೊದಲೇ ತಿಳಿಸಿ ಹೇಳುತ್ತಾರೆ. ಮೂರು ನುಂಗಿದರೆ ಮೂರು ಪಟ್ಟು ಬೆಳೆಯುವುದಿಲ್ಲ; ಅಪಾಯ ಮಾತ್ರ ಬೆಳೆಯುತ್ತದೆ. ಇದನ್ನು ಅವಳಿಗೆ ಹೇಳಿದವರು ಎಂಟು ತಿಂಗಳಲ್ಲಿ ಒಬ್ಬರೂ ಇರಲಿಲ್ಲ.

ಇನ್ನು ಇಂಪ್ಲಾಂಟಿನ ವಿಚಾರ. ನನಗೆ ಪರಿಚಿತರಾದ ಶಸ್ತ್ರವೈದ್ಯರೊಬ್ಬರಲ್ಲಿಗೆ ಹೋಗಿ ವಿಷಯವನ್ನು ಅರಿಕೆ ಮಾಡಿಕೊಂಡಾಗ, ಅವರು ಕಪಾಟಿನಿಂದ ಒಂದು ಮಾದರಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಪಾರದರ್ಶಕವಾದ, ತಣ್ಣನೆಯ, ಒತ್ತಿದರೆ ತಗ್ಗಿ ಬಿಟ್ಟರೆ ಉಬ್ಬುವ ಒಂದು ಗುಂಡನೆಯ ಚೀಲ, ಮುನ್ನೂರು ಸಿ.ಸಿ.ಯದು. ತೂಕ ಹೆಚ್ಚುಕಡಿಮೆ ಮುನ್ನೂರು ಗ್ರಾಮು. ಎರಡೂ ಕೂಡಿದರೆ ಅರ್ಧ ಕಿಲೋಗೆ ಮೇಲೆ. 'ಇದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಬೇಕು, ಮಲಗಬೇಕು, ಬಸ್ಸಿನಲ್ಲಿ ನಿಲ್ಲಬೇಕು. ಆದ್ದರಿಂದ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಅಕ್ಕಿಯ ಪಾಠ' ಎಂದರು ಅವರು. ತೆಳುವಾದ ಕಾಲುಚೀಲಗಳಲ್ಲಿ ಬೇಕಾದ ಗಾತ್ರಕ್ಕೆ ಅಕ್ಕಿಯನ್ನು ಅಳೆದು ತುಂಬಿ, ಒಳಉಡುಪಿನೊಳಗಿಟ್ಟುಕೊಂಡು ಒಂದು ವಾರ ಮನೆಗೆಲಸ ಮಾಡಿ ನೋಡುವುದು. ಕನ್ನಡಿಯ ಮುಂದೆ ಸುಂದರವಾಗಿ ಕಂಡ ಗಾತ್ರ ಮೂರನೆಯ ದಿನಕ್ಕೆ ಭುಜದ ನೋವಾಗುವುದುಂಟಂತೆ. ವಿದೇಶದ ಹೆಂಗಸರು ರೂಢಿಸಿಕೊಂಡ ಈ ಉಪಾಯಕ್ಕೆ ನಮ್ಮಲ್ಲಿ ಪಾವು ಚಟಾಕುಗಳ ಅನುಭವವುಳ್ಳ ಅಡುಗೆಮನೆಗಿಂತ ತಕ್ಕ ಪ್ರಯೋಗಶಾಲೆ ಬೇಡ.

ಈ ಚೀಲದ ಚರಿತ್ರೆ ಈಚಿನದು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1962ರಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ವೈದ್ಯರು ಮೊದಲ ಸಿಲಿಕೋನ್ ಇಂಪ್ಲಾಂಟನ್ನು ಒಬ್ಬ ಮಹಿಳೆಗೆ ಅಳವಡಿಸಿದರು. ಈಗ ಬಳಕೆಯಲ್ಲಿರುವವು ಮುಖ್ಯವಾಗಿ ಎರಡು ಬಗೆ. ಎರಡರ ಹೊರಪೊರೆಯೂ ಸಿಲಿಕೋನೇ, ಒಳಗೆ ತುಂಬಿದ್ದು ಬೇರೆ. ಸಲೈನ್ ಎಂಬುದರಲ್ಲಿ ಶುದ್ಧೀಕರಿಸಿದ ಉಪ್ಪುನೀರು ಇರುತ್ತದೆ. ಬರಿದಾದ ಪೊರೆಯನ್ನು ಒಳಗಿಟ್ಟ ಮೇಲೆ ನೀರು ತುಂಬಬಹುದಾದುದರಿಂದ ಗಾಯ ಚಿಕ್ಕದು. ಒಡೆದರೆ ಸ್ತನ ಕುಗ್ಗಿ ಒಡೆದದ್ದು ಕಣ್ಣಿಗೇ ತಿಳಿಯುತ್ತದೆ, ನೀರನ್ನು ದೇಹ ಅಪಾಯವಿಲ್ಲದೆ ಹೀರಿಕೊಳ್ಳುತ್ತದೆ. ಆದರೆ ಮೇಲೆ ಹೊದಿಕೆಯಾಗಿ ಮಾಂಸ ಕಡಮೆಯಿರುವ ದೇಹದಲ್ಲಿ ಅದರ ಸುಕ್ಕು ಹೊರಗೆ ತೋರಬಹುದು, ಮುಟ್ಟಿದರೆ ಚೀಲದ ಅರಿವಾಗಬಹುದು. ಸಿಲಿಕೋನ್ ಜೆಲ್ಲಿನದು ಮೆತ್ತಗೆ, ಸಹಜಕ್ಕೆ ಹೆಚ್ಚು ಹತ್ತಿರ. ಅದರ ತೊಡಕೆಂದರೆ ಅದು ಒಡೆದರೂ ಹೊರಗೆ ಸುಳಿವು ಕೊಡದೆ ಇರಬಲ್ಲುದು. ಆದುದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ., ಜೆಲ್ ಇಂಪ್ಲಾಂಟ್ ಇರಿಸಿಕೊಂಡವರು ಐದಾರು ವರ್ಷಕ್ಕೆ ಮೊದಲ ಸಲ, ಅನಂತರ ಎರಡು ಮೂರು ವರ್ಷಕ್ಕೊಮ್ಮೆ ಎಂ.ಆರ್.ಐ. ಅಥವಾ ಅಲ್ಟ್ರಾಸೌಂಡ್ ಪರೀಕ್ಷೆಯನ್ನು, ಯಾವ ತೊಂದರೆಯೂ ಕಾಣದಿದ್ದರೂ, ಮಾಡಿಸಿಕೊಳ್ಳುತ್ತಿರಬೇಕೆಂದು ಹೇಳುತ್ತದೆ. ಕಂತಿನ ಕಾಗದದಲ್ಲಿ ಈ ಪರೀಕ್ಷೆಗಳ ವೆಚ್ಚ ಸೇರಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ಸಂಸ್ಥೆ ವಯಸ್ಸಿನ ವಿಷಯದಲ್ಲಿಯೂ ಒಂದು ಗೆರೆ ಎಳೆದಿದೆ: ಗಾತ್ರ ಹೆಚ್ಚಿಸಿಕೊಳ್ಳುವ ಉದ್ದೇಶಕ್ಕೆ ಸಲೈನ್ ಇಂಪ್ಲಾಂಟಿಗೆ ಹದಿನೆಂಟು, ಸಿಲಿಕೋನ್ ಜೆಲ್ಲಿಗೆ ಇಪ್ಪತ್ತೆರಡು. ಇದು ಹೆಣ್ಣಾಗಿ ಹುಟ್ಟಿದವರನ್ನೇ ಮುಖ್ಯವಾಗಿ ಮನಸ್ಸಿನಲ್ಲಿಟ್ಟು ಹೇಳಿದ ಮಾತು; ಅಮೆರಿಕದ ಗೆರೆ ನಮ್ಮನ್ನು ಕಟ್ಟುವುದೂ ಇಲ್ಲ. ಆದರೂ ಅದರ ಹಿಂದಿರುವ ವಿವೇಕವನ್ನು ಗಮನಿಸಬೇಕು. ಇಪ್ಪತ್ತನೆಯ ವಯಸ್ಸಿನಲ್ಲಿ ಹಾರ್ಮೋನು ಆರಂಭಿಸಿದವಳ ದೇಹಕ್ಕೆ ಇಪ್ಪತ್ತೊಂದಾದರೂ ಅವಳ ಸ್ತನಕ್ಕೆ ಆಗಿರುವುದು ಒಂದೇ ವರ್ಷ.

ಶಸ್ತ್ರವೈದ್ಯನ ಜಾಣ್ಮೆಗೆ ಇಲ್ಲಿ ಬೇರೆಯೇ ಒಂದು ಪರೀಕ್ಷೆಯೂ ಉಂಟು. ಗಂಡುದೇಹದ ಯೌವನವನ್ನು ದಾಟಿ ಬಂದವರ ಎದೆಗೂಡು ಸಾಮಾನ್ಯವಾಗಿ ಅಗಲವಾದುದು. ತೊಟ್ಟುಗಳು ಚಿಕ್ಕವೂ ಒಂದಕ್ಕೊಂದು ದೂರವೂ ಇರುತ್ತವೆ. ತೊಟ್ಟಿಗೂ ಸ್ತನದ ಕೆಳಮಡಿಕೆಗೂ ನಡುವಣ ಚರ್ಮ ಗಿಡ್ಡವಾಗಿಯೂ ಬಿಗುವಾಗಿಯೂ ಇರುತ್ತದೆ. ಎದೆಯ ನಡುವೆ ಕಣಿವೆ ಕಾಣಬೇಕೆಂಬ ಆಸೆಯಿಂದ ಇಂಪ್ಲಾಂಟುಗಳನ್ನು ಹತ್ತಿರಕ್ಕೆ ತಂದರೆ ತೊಟ್ಟುಗಳು ಹೊರಮುಖವಾಗುತ್ತವೆ. ತೊಟ್ಟನ್ನು ನಡುವಿಗಿರಿಸಿದರೆ ಕಣಿವೆ ಅಗಲವಾಗುತ್ತದೆ. ಎರಡನ್ನೂ ಪೂರ್ತಿಯಾಗಿ ಕೊಡುತ್ತೇನೆಂದು ಮಾತು ಕೊಡುವವನಿಗಿಂತ, ಇದಿಷ್ಟು ಆದೀತು ಇದಿಷ್ಟು ಆಗದು ಎಂದು ಕಾಗದದ ಮೇಲೆ ಗೆರೆ ಬರೆದು ತೋರಿಸುವವನೇ ನಂಬಿಕೆಗೆ ಅರ್ಹನಾದ ವೈದ್ಯ. ಇಂಪ್ಲಾಂಟನ್ನು ಎದೆಯ ಸ್ನಾಯುವಿನ ಮೇಲಿಡಬಹುದು, ಕೆಳಗಿಡಬಹುದು, ಅರ್ಧ ಕೆಳಗೂ ಅರ್ಧ ಮೇಲೂ ಇಡಬಹುದು. ಮೇಲಿಟ್ಟರೆ ನೋವು ಕಡಮೆ, ಆದರೆ ತೆಳುದೇಹದಲ್ಲಿ ಅಂಚು ತೋರುವ ಭಯ. ಕೆಳಗಿಟ್ಟರೆ ಹೊದಿಕೆ ಒಳ್ಳೆಯದು, ಆದರೆ ಚೇತರಿಕೆಗೆ ಹೆಚ್ಚು ದಿನ, ತೋಳಿಗೆ ಬಲ ಹಾಕಿದಾಗ ಅದು ಅಲುಗುವುದೂ ಉಂಟು. ಗಾಯವನ್ನು ಸ್ತನದ ಕೆಳಮಡಿಕೆಯಲ್ಲಿ ಮಾಡಬಹುದು, ತೊಟ್ಟಿನ ಸುತ್ತಣ ಕಪ್ಪಿನ ಅಂಚಿನಲ್ಲಿ ಮಾಡಬಹುದು, ಕಂಕುಳಲ್ಲಿ ಮಾಡಬಹುದು. ಟ್ರಾನ್ಸ್ ಮಹಿಳೆಯರಲ್ಲಿ ಆ ಕಪ್ಪಿನ ವೃತ್ತ ಚಿಕ್ಕದಾದುದರಿಂದ ಎರಡನೆಯ ದಾರಿ ಅನೇಕ ವೇಳೆ ಇಕ್ಕಟ್ಟಿನದು. ದಿನವಿಡೀ ಯಂತ್ರದ ಮುಂದೆ ತೋಳು ಚಾಚಿ ಬಟ್ಟೆ ತಳ್ಳುವವಳಿಗೆ ಒಪ್ಪುವ ಆಯ್ಕೆಯೇ ಕಛೇರಿಯಲ್ಲಿ ಕುಳಿತು ಬರೆಯುವವಳಿಗೂ ಒಪ್ಪಬೇಕಾಗಿಲ್ಲ. ಬದುಕನ್ನು ಕೇಳದೆ ಎದೆಯನ್ನು ಮಾತ್ರ ಅಳೆಯುವುದು ಅರ್ಧ ಅಳತೆ.

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ಸಾಯುವ ತನಕ ಇರುತ್ತದೆಯೆ? ಇಲ್ಲ. ಇಂಪ್ಲಾಂಟು ಆಯುಷ್ಯಪರ್ಯಂತ ಬಾಳುವ ಸಾಧನವಲ್ಲವೆಂದು ಎಫ್.ಡಿ.ಎ. ಸ್ಪಷ್ಟವಾಗಿ ಹೇಳಿದೆ, ಇದ್ದಷ್ಟು ಕಾಲವೂ ತೊಂದರೆಯ ಸಂಭವ ಏರುತ್ತಲೇ ಹೋಗುವುದೆಂದೂ ಹೇಳಿದೆ. ಯಾವ ಪರವಸ್ತುವನ್ನಾದರೂ ದೇಹ ಒಂದು ಗಾಯದ ಪೊರೆಯಿಂದ ಸುತ್ತುವರಿಯುವುದು ಸಹಜ. ಕೆಲವರಲ್ಲಿ ಆ ಪೊರೆ ದಪ್ಪವಾಗಿ, ಬಿಗಿದು, ಸ್ತನವನ್ನು ಗಟ್ಟಿಯಾಗಿಸಿ, ಆಕಾರವನ್ನು ಕೆಡಿಸಿ ನೋವು ಕೊಡುತ್ತದೆ. ಒಡೆಯುವುದು, ಜರುಗುವುದು, ಸೋಂಕು ತಗಲುವುದು, ತೊಟ್ಟಿನ ಸ್ಪರ್ಶಜ್ಞಾನ ಕುಂದುವುದು ಇವೆಲ್ಲ ಸಂಭವಗಳು. ಒರಟು ಮೈಯ ಇಂಪ್ಲಾಂಟುಗಳ ಸುತ್ತಣ ಪೊರೆಯಲ್ಲಿ ಬಿ.ಐ.ಎ.-ಎ.ಎಲ್.ಸಿ.ಎಲ್. ಎಂಬ ಒಂದು ವಿರಳವಾದ ಅರ್ಬುದ ಹುಟ್ಟಬಹುದೆಂದು 2011ರಿಂದೀಚೆಗೆ ನಿಯಂತ್ರಣ ಸಂಸ್ಥೆಗಳು ಎಚ್ಚರಿಸುತ್ತ ಬಂದವು; 2019ರ ಜುಲೈಯಲ್ಲಿ ಅಲರ್ಗನ್ ಸಂಸ್ಥೆ ತನ್ನ ಬಯೋಸೆಲ್ ಎಂಬ ಬಗೆಯನ್ನು ಲೋಕದ ಮಾರುಕಟ್ಟೆಯಿಂದಲೇ ಹಿಂದೆ ತೆಗೆದುಕೊಂಡಿತು. ಇದಕ್ಕೂ ಮುಂಚೆ, ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪೆನಿ ವೈದ್ಯಕೀಯಕ್ಕೆ ಸಲ್ಲದ ಕೈಗಾರಿಕೆಯ ಸಿಲಿಕೋನನ್ನು ತುಂಬಿ ಹಲವು ದೇಶಗಳಿಗೆ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷದ ಸೆರೆಮನೆಯ ಶಿಕ್ಷೆಯಾಯಿತು. ಆಗ ಲಕ್ಷಾಂತರ ಹೆಂಗಸರು ತಮ್ಮೊಳಗಿರುವುದು ಯಾರ ಚೀಲವೆಂದು ಹಳೆಯ ಕಾಗದಗಳನ್ನು ಹುಡುಕಬೇಕಾಯಿತು. ಇಂಪ್ಲಾಂಟಿನ ಜೊತೆಗೆ ಬರುವ, ತಯಾರಕನ ಹೆಸರೂ ಕ್ರಮಸಂಖ್ಯೆಯೂ ಇರುವ ಚಿಕ್ಕ ಕಾರ್ಡನ್ನು ಜಮೀನಿನ ಪತ್ರದಂತೆ ಕಾಪಾಡಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ಯೌವನ ಎಂಬ ಮಾತಿಗೆ ಇಲ್ಲಿ ವಿಶೇಷ ಅರ್ಥ ಬರುವುದು ಹೀಗೆ. ಐವತ್ತರಲ್ಲಿ ಇಂಪ್ಲಾಂಟ್ ಇರಿಸಿಕೊಂಡವಳು ಒಂದು ಮರುಶಸ್ತ್ರಚಿಕಿತ್ಸೆಯನ್ನು ಕಂಡರೂ ಕಂಡಾಳು, ಕಾಣದಿದ್ದರೂ ಇದ್ದಾಳು. ಇಪ್ಪತ್ತೊಂದರಲ್ಲಿ ಇರಿಸಿಕೊಂಡವಳ ಮುಂದೆ ಐವತ್ತು ವರ್ಷದ ಬಾಳಿದೆ, ಆ ಬಾಳಿನಲ್ಲಿ ಒಂದಲ್ಲ, ಪ್ರಾಯಶಃ ಎರಡು ಮೂರು ಸಲ ಅವಳು ಆ ಮೇಜಿನ ಮೇಲೆ ಮಲಗಬೇಕಾದೀತು. ಮೊದಲನೆಯದಕ್ಕೆ ಹದಿನಾಲ್ಕು ತಿಂಗಳ ಸಂಬಳ ಕೂಡಿಸಿದವಳು ಎರಡನೆಯದಕ್ಕೆ ಎಲ್ಲಿಂದ ತಂದಾಳು? ಇದನ್ನು ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ. ಮನೆ ಕಟ್ಟುವವನಿಗೆ ಸುಣ್ಣಬಣ್ಣದ ವರ್ಷಾವರಿ ಖರ್ಚನ್ನೂ ಸೇರಿಸಿ ಹೇಳುವವನು ಅವನ ಹಿತೈಷಿಯೇ ಹೊರತು ಮನೆಯ ವಿರೋಧಿಯಲ್ಲ.

ಉಳಿದ ದಾರಿಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಹೊಟ್ಟೆ ತೊಡೆಗಳಿಂದ ಸ್ವಂತ ಕೊಬ್ಬನ್ನು ಹೀರಿ ತೆಗೆದು ಸ್ತನಕ್ಕೆ ತುಂಬುವ ವಿಧಾನವೊಂದಿದೆ. ಪರವಸ್ತುವಿಲ್ಲವೆಂಬುದು ಅದರ ಗುಣ, ತುಂಬಿದ್ದರಲ್ಲಿ ಒಂದು ಪಾಲನ್ನು ದೇಹ ಕರಗಿಸಿಬಿಡುತ್ತದೆಂಬುದೂ, ತೆಳ್ಳಗಿನವರಲ್ಲಿ ತೆಗೆಯುವುದಕ್ಕೆ ಕೊಬ್ಬೇ ಇರದೆಂಬುದೂ, ಒಂದಕ್ಕಿಂತ ಹೆಚ್ಚು ಸಲ ಮಾಡಿಸಬೇಕಾದೀತೆಂಬುದೂ ಅದರ ಮಿತಿ. ಹೊರಗಿಂದ ಧರಿಸುವ ಸಿಲಿಕೋನ್ ಸ್ತನಗಳೂ, ನಮ್ಮ ಹುಡುಗಿಯ ಸ್ಪಂಜೂ ಗೌರವದ ಆಯ್ಕೆಗಳೇ. ಆಯ್ಕೆಯೆಂದು ಕರೆಯಲೇಬಾರದ ದಾರಿಯೊಂದೇ: ವೈದ್ಯನಲ್ಲದವನ ಕೈಯಿಂದ ದ್ರವರೂಪದ ಸಿಲಿಕೋನನ್ನೋ ಎಣ್ಣೆಯನ್ನೋ ಸೂಜಿಯಲ್ಲಿ ಚುಚ್ಚಿಸಿಕೊಳ್ಳುವುದು. ಚೀಲದೊಳಗಿಲ್ಲದ ಆ ದ್ರವ ದೇಹದಲ್ಲಿ ಸಂಚರಿಸುತ್ತದೆ, ಗಂಟುಗಟ್ಟುತ್ತದೆ, ಶ್ವಾಸಕೋಶವನ್ನು ಮುಟ್ಟಿದರೆ ಪ್ರಾಣವನ್ನೇ ಒಯ್ಯುತ್ತದೆ. ಹಲವು ದೇಶಗಳ ಟ್ರಾನ್ಸ್ ಮಹಿಳೆಯರು ಹೀಗೆ ಸತ್ತಿದ್ದಾರೆ. ಅವರನ್ನು ಅಲ್ಲಿಗೆ ತಳ್ಳಿದ್ದು ಬಡತನ, ಮತ್ತು ಮುಚ್ಚಿದ ಆಸ್ಪತ್ರೆಯ ಬಾಗಿಲು.

ಈ ವಿಷಯದಲ್ಲಿ ನನ್ನ ಮುಂದೆ ವಾದಿಸುವವರು ಎರಡು ಗುಂಪಿನವರು. ಎಳೆಯ ವಯಸ್ಸಿನ ಚಾಪಲ್ಯವಿದು, ತಡೆಯಬೇಕು ಎನ್ನುವವರು ಒಂದು ಕಡೆ. ಅವರನ್ನು ನಾನು ಕೇಳುವುದಿಷ್ಟೆ: ಮದುವೆಗೆ ಮುನ್ನ ಮೂಗನ್ನು ತಿದ್ದಿಸಿಕೊಂಡ, ಬೊಕ್ಕತಲೆಗೆ ಕೂದಲನ್ನು ನೆಡಿಸಿಕೊಂಡ ನಿಮ್ಮ ನೆಂಟರ ಮಕ್ಕಳ ಮನಸ್ಸನ್ನು ಯಾರು ಪರೀಕ್ಷಿಸಿದರು? ಲಿಂಗತ್ವಕ್ಕೆ ಸಂಬಂಧಿಸಿದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಪಶ್ಚಾತ್ತಾಪ ಪಡುವವರು ಬಹಳ ವಿರಳವೆಂದೇ ಈವರೆಗೆ ಪ್ರಕಟವಾದ ಅಧ್ಯಯನಗಳು ಹೇಳುತ್ತವೆ. ತಡೆಯ ಫಲ ತಾಳ್ಮೆಯಲ್ಲ, ಕಳ್ಳದಾರಿ. ನಮ್ಮ ಮಂಗಳಮುಖಿಯರ ಸಮುದಾಯದಲ್ಲಿ 'ನಿರ್ವಾಣ' ಎಂದು ಕರೆಯುವ ಜನನಾಂಗಛೇದನದ ಕ್ರಿಯೆ ವೈದ್ಯರಿಲ್ಲದ ಕೋಣೆಗಳಲ್ಲಿ ತಲೆಮಾರುಗಟ್ಟಲೆ ನಡೆದು ಬಂದದ್ದು ಯಾರೂ ಅನುಮತಿ ಕೊಟ್ಟುದರಿಂದಲ್ಲ. ಇನ್ನೊಂದು ಕಡೆ, ಪ್ರಶ್ನೆ ಕೇಳುವುದೇ ಅವಮಾನ, ಬಯಸಿದೊಡನೆ ದೊರಕಬೇಕು ಎನ್ನುವವರಿದ್ದಾರೆ. ಅವರ ನೋವನ್ನು ನಾನು ಬಲ್ಲೆ. ಜೀವಮಾನವಿಡೀ 'ನೀನು ಯಾರು' ಎಂಬ ಪ್ರಶ್ನೆಗೆ ಉತ್ತರಿಸಿ ದಣಿದವರು ಅವರು. ಆದರೆ 'ನೀನು ಯಾರು' ಎಂದು ಕೇಳುವುದು ಬೇರೆ, 'ನಿನಗೆ ಇದರ ಬೆಲೆ ತಿಳಿಯಿತೆ' ಎಂದು ಕೇಳುವುದು ಬೇರೆ. ಮೊದಲನೆಯದು ಅಪಮಾನ, ಎರಡನೆಯದು ವೈದ್ಯಧರ್ಮ. 2008ರಲ್ಲಿ ಸಮೀರಾ ಕೊಹ್ಲಿ ಮೊಕದ್ದಮೆಯ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಚಿಕಿತ್ಸೆಯ ಸ್ವರೂಪ, ಅದಕ್ಕೆ ಬದಲಾದ ಮಾರ್ಗಗಳು, ಅದರ ಗಣನೀಯ ಅಪಾಯಗಳು ಇವನ್ನು ತಿಳಿಸಿ ಪಡೆದ ಸಮ್ಮತಿಯೇ ಸಮ್ಮತಿಯೆಂದು ಎಲ್ಲ ರೋಗಿಗಳಿಗಾಗಿ ವಿಧಿಸಿತು. ಟ್ರಾನ್ಸ್ ಮಹಿಳೆಯೂ ರೋಗಿಯೇ ತಾನೆ?

ರಾಜ್ಯದ ಹೊಣೆ ಏನೆಂಬುದು ಕಾಗದದ ಮೇಲೆ ಬರೆದೇ ಇದೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಗೆಂದು 2019ರಲ್ಲಿ ಬಂದ ಅಧಿನಿಯಮದ 15ನೆಯ ಕಲಮು, ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನ್ ಚಿಕಿತ್ಸೆಯ ಸೌಕರ್ಯ, ಅದಕ್ಕೆ ಮುಂಚೆಯೂ ಆಮೇಲೆಯೂ ಸಲಹೆ ಸಮಾಲೋಚನೆ, ವೆಚ್ಚಕ್ಕೆ ವಿಮೆಯ ರಕ್ಷಣೆ ಇವು ಸರ್ಕಾರದ ಕರ್ತವ್ಯವೆಂದು ಬರೆಯಿತು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತದ ಅಡಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಒಪ್ಪಂದಕ್ಕೆ ಸಹಿ ಹಾಕಿತು. ತಮಿಳುನಾಡು 2008ರಷ್ಟು ಹಿಂದೆಯೇ ಕಲ್ಯಾಣ ಮಂಡಳಿಯನ್ನು ಸ್ಥಾಪಿಸಿ, ಸರ್ಕಾರೀ ಆಸ್ಪತ್ರೆಗಳಲ್ಲಿ ಲಿಂಗತ್ವದ ಶಸ್ತ್ರಚಿಕಿತ್ಸೆಗೆ ಅವಕಾಶ ಮಾಡಿತು. ನಮ್ಮ ಕರ್ನಾಟಕವೂ ಹಿಂದೆ ಬಿದ್ದ ನಾಡಲ್ಲ: 2017ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿತು, 2021ರಲ್ಲಿ ಸರ್ಕಾರೀ ನೌಕರಿಯಲ್ಲಿ ಶೇಕಡ 1ರ ಮೀಸಲಾತಿಯನ್ನು ದೇಶದಲ್ಲೇ ಮೊದಲಾಗಿ ಕೊಟ್ಟಿತು, ಜೋಗತಿ ನೃತ್ಯದ ಮಂಜಮ್ಮನವರನ್ನು ಜಾನಪದ ಅಕಾಡೆಮಿಯ ಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 2011ರ ಜನಗಣತಿ ಈ ನಾಡಿನಲ್ಲಿ ಎಣಿಸಿದ 20,266 ಮಂದಿಗೆ ಪೀಠವೂ ನೌಕರಿಯೂ ದೊರೆಯಲೆಂದು ಹಾರೈಸಿದ ಕೈಯೇ, ಜಿಲ್ಲಾಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಹಾರ್ಮೋನು ಬಲ್ಲ ವೈದ್ಯರೊಬ್ಬರನ್ನು ಕುಳ್ಳಿರಿಸಲಾರದೆ? ನೆದರ್ಲೆಂಡ್ಸ್, ಆಸ್ಟ್ರೇಲಿಯ ಮೊದಲಾದ ದೇಶಗಳು ಇರಿಸಿದಂತೆ, ಯಾರ ದೇಹದಲ್ಲಿ ಯಾವ ಇಂಪ್ಲಾಂಟ್ ಇದೆಯೆಂಬ ದಾಖಲೆಯ ಪುಸ್ತಕವನ್ನು ನಾವೂ ಇರಿಸಲಾರೆವೆ?

ಇವೆಲ್ಲ ಹಣವನ್ನೂ ಕಾಲವನ್ನೂ ಬೇಡುವ ಕೆಲಸಗಳು. ಹಣ ಬೇಡದ ಕೆಲಸವೊಂದುಂಟು. 2021ರ ಅಕ್ಟೋಬರಿನಲ್ಲಿ ಎಫ್.ಡಿ.ಎ., ಇಂಪ್ಲಾಂಟಿನ ಅಪಾಯಗಳನ್ನು ಸರಳವಾದ ಮಾತಿನಲ್ಲಿ ಪಟ್ಟಿ ಮಾಡಿ, ಅದನ್ನು ರೋಗಿಯೊಡನೆ ಕುಳಿತು ಓದಿ, ಒಂದೊಂದು ಭಾಗಕ್ಕೂ ರೋಗಿಯ ಕಿರುಸಹಿಯನ್ನು ಪಡೆಯದೆ ಇಂಪ್ಲಾಂಟನ್ನು ಇರಿಸಕೂಡದೆಂದು ಕಟ್ಟಳೆ ಮಾಡಿತು. ಆ ಪಟ್ಟಿಯಲ್ಲಿ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರವಿದೆ.

ಒಂದು ವಾರದ ಮೇಲೆ ಅವಳನ್ನು ಕರೆದು, ನಾನು ತಿಳಿದುಕೊಂಡುದನ್ನೆಲ್ಲ ಹೇಳಿದೆನು. ಅವಳು ಅಳಲಿಲ್ಲ, ಆಸೆಯನ್ನು ಬಿಡಲೂ ಇಲ್ಲ. ಮಾತ್ರೆಗಳನ್ನು ನಿಲ್ಲಿಸಿ, ಹಾರ್ಮೋನು ತಜ್ಞರ ಬಳಿ ಹೋಗಿ ರಕ್ತ ಕೊಟ್ಟು ಬಂದಿದ್ದಾಳೆ. ಶಸ್ತ್ರಚಿಕಿತ್ಸೆಯ ಮಾತು ಇನ್ನೆರಡು ವರ್ಷದ ಮೇಲೆ ಎಂದಿದ್ದಾಳೆ. ಕೂಡಿಸಿದ ಹಣಕ್ಕೆ ಎರಡನೆಯ ಸಲದ ಖರ್ಚನ್ನೂ ಸೇರಿಸಿ ಚೀಟಿ ಹಾಕಿದ್ದಾಳೆ. ಹೊರಡುವಾಗ ಮಾತ್ರ ಜಗಲಿಯ ಮೆಟ್ಟಿಲಲ್ಲಿ ನಿಂತು, 'ಇಷ್ಟನ್ನ ಅವರೇ ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?' ಎಂದು ಕೇಳಿದಳು.

ಆ ಪ್ರಶ್ನೆಯನ್ನು ನಾನು ಆರೋಗ್ಯ ಇಲಾಖೆಯ ಮುಂದಿಡುತ್ತೇನೆ. ಇಷ್ಟು ಕಾಲ ಬಾಳುತ್ತದೆ, ಇಷ್ಟು ವರ್ಷಕ್ಕೊಮ್ಮೆ ಪರೀಕ್ಷೆ ಬೇಕು, ಇಂಥಿಂಥ ತೊಂದರೆ ಬರಬಹುದು, ಇದಲ್ಲದೆ ಇಂಥಿಂಥ ದಾರಿಗಳುಂಟು, ಕಾಯುವುದೂ ಅವುಗಳಲ್ಲಿ ಒಂದು. ಇಷ್ಟನ್ನು ಹೊಲಿಗೆಯಂಗಡಿಯ ಹುಡುಗಿ ತಾನೇ ಓದಿ ತಿಳಿಯುವಂಥ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ನಾಡಿನ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ, ಸರ್ಕಾರದ್ದಿರಲಿ ಖಾಸಗಿಯದಿರಲಿ, ಸಹಿಯ ಗೆರೆಗೆ ಮೊದಲು ಆ ಪುಟ ಬರಬೇಕೆಂದು ಆಜ್ಞೆ ಮಾಡಲಿ.